ಸ್ಯಾಂಡರ್ ಆಯ್ಕೆ ಸಮಿತಿಗೆ ಸಿಕ್ಕ ಮೇಜು

ಕಥೆ ಹೇಳಿ ನನಗೆ ಅಭ್ಯಾಸವಿಲ್ಲ. ಹೇಳುವುದು ಹಿಂದುಮುಂದಾದರೆ ಕ್ಷಮಿಸಬೇಕು. ನಮ್ಮ ಹವ್ಯಾಸಿ ಮರಗೆಲಸಗಾರರ ಸಂಘವು ಹೊಸ ರ‍್ಯಾಂಡಮ್ ಆರ್ಬಿಟಲ್ ಸ್ಯಾಂಡರ್ ಒಂದನ್ನು ಕೊಳ್ಳಲು ಸರ್ವಾನುಮತದಿಂದ ತೀರ್ಮಾನಿಸಿತು. ಸ್ಯಾಂಡರ್ ಎಂದರೆ ಮರವನ್ನು ಉಜ್ಜಿ ನಯ ಮಾಡುವ ಯಂತ್ರ. ಅದರ ಅಡಿಯಲ್ಲಿ ಸ್ಯಾಂಡ್‌ಪೇಪರಿನ ಬಿಲ್ಲೆ ಇರುತ್ತದೆ. ಬಿಲ್ಲೆ ಗಿರಗಿರನೆ ಸುತ್ತುತ್ತದೆ, ಸುತ್ತುತ್ತಲೇ ಮನಬಂದಂತೆ ಅತ್ತಿತ್ತ ಜರುಗುತ್ತದೆ. ಹಾಗೆ ಜರುಗುವುದರಿಂದಲೇ ಮರದ ಮೇಲೆ ಗೀರು ಉಳಿಯುವುದಿಲ್ಲ. ಇಷ್ಟು ಬಿಡಿಸಿ ಹೇಳಿದ್ದೇಕೆಂದರೆ, ಮುಂದೆ ಆದದ್ದೆಲ್ಲ ಈ ಮನಬಂದಂತೆ ಜರುಗುವುದರಿಂದಲೇ ಆದದ್ದು.

ಗಡಿಯಾರ ರಿಪೇರಿಯವರೊಬ್ಬರು ಈ ಸಂಘದ ಸದಸ್ಯರು. ಆರು ತಿಂಗಳು ಒದ್ದಾಡಿ ಮನೆಗೊಂದು ಊಟದ ಮೇಜು ಮಾಡಿದ್ದರು. ಆನೆ ನಿಂತರೂ ಅಲುಗದಂಥ ಮೇಜು, ಆದರೆ ಮೇಲೆಲ್ಲ ತರಿತರಿ. ಹೆಂಡತಿಯ ಎರಡು ಅಂಗಿಯ ತೋಳು ಅದಕ್ಕೆ ಸಿಕ್ಕಿ ಹರಿದಿದ್ದವು.

"ರೀ, ಭಾನುವಾರ ಅಣ್ಣ ಊಟಕ್ಕೆ ಬರ್ತಾನೆ," ಎಂದರು ಆಕೆ. "ಅಷ್ಟರೊಳಗೆ ಇದು ನುಣ್ಣಗಾಗದಿದ್ರೆ ನಿಮ್ಮ ಮರಗೆಲಸದ ಮೂಲೆ ಖಾಲಿ ಮಾಡಿ. ಅಲ್ಲಿ ವಾಷಿಂಗ್ ಮಷೀನ್ ಇಡ್ತೀನಿ."

ಆ ಮೂಲೆ ಬಿಟ್ಟರೆ ಭೂಮಿಯ ಮೇಲೆ ಅವರದು ಎನ್ನುವ ಜಾಗ ಬೇರೆ ಇರಲಿಲ್ಲ. ಅಂಗಡಿ ಇತ್ತು, ನಿಜ. ಆದರೆ ಅಲ್ಲಿ ಗಿರಾಕಿಗಳು ಬರುತ್ತಿದ್ದರು.

ಮೇಜನ್ನು ಗಾಡಿಗೆ ಹೇರಿಕೊಂಡು ಸಂಘಕ್ಕೆ ಓಡಿದರು. ಆಯ್ಕೆಗೆಂದು ಮೂರು ಸ್ಯಾಂಡರ್‌ಗಳು ಬಂದಿದ್ದವು, ಉಜ್ಜಿ ನೋಡಲು ಮರ ಇರಲಿಲ್ಲ. ಅಧ್ಯಕ್ಷರು ಕೂಡಲೇ ಪ್ರಕಟಣೆ ಹೊರಡಿಸಿದರು: 'ಸದರಿ ಮೇಜನ್ನು ಪರೀಕ್ಷಾ ಮೇಲ್ಮೈ ಎಂದು ಘೋಷಿಸಲಾಗಿದೆ. ಆಯ್ಕೆ ಮುಗಿಯುವವರೆಗೆ ಮಾಲೀಕರು ಅದನ್ನು ಮುಟ್ಟತಕ್ಕದ್ದಲ್ಲ.'

ಮೊದಲ ದಿನವೇ ಮೇಜು ಕನ್ನಡಿಯಂತಾಯಿತು.

"ಸಾಕು ಸಾರ್, ಮನೆಗೆ ಒಯ್ತೀನಿ," ಎಂದರು ರಿಪೇರಿಯವರು.

"ಏನ್ರೀ ಸಾಕು? ಈ ಯಂತ್ರ ಎತ್ತ ಹೋಗುತ್ತೆ ಅಂತ ಅದಕ್ಕೇ ಗೊತ್ತಿಲ್ಲ. ಒಂದೇ ಸಲ ಉಜ್ಜಿದ್ದನ್ನ ನಂಬೋಕಾಗುತ್ತಾ? ಸರಾಸರಿ ತೆಗೀಬೇಕು. ಒಂದೊಂದರಲ್ಲೂ ಏಳು ಸಲ!" ಎಂದರು ಅಧ್ಯಕ್ಷರು.

"ಮರ ಸವೆದುಹೋಗುತ್ತಲ್ಲ ಸಾರ್..."

"ಸವೆಸೋದೇ ಅದರ ಕೆಲಸ ಅಲ್ವೇನ್ರೀ? ಸವೆಯದಿದ್ರೆ ಯಂತ್ರ ಕೆಟ್ಟಿದೆ ಅಂತ ಬರೀಬೇಕಾಗುತ್ತೆ."

ಮೂರೇಳಲ ಇಪ್ಪತ್ತೊಂದು ಸಲ ಉಜ್ಜಲಾಯಿತು. ಹೆಬ್ಬೆರಳು ದಪ್ಪವಿದ್ದ ಹಲಗೆ ಗುರುವಾರ ರಟ್ಟಿನಷ್ಟಾಯಿತು. ಶನಿವಾರ ಕಾರ್ಯದರ್ಶಿಗಳು ಅದರ ಕೆಳಗೆ ಟಾರ್ಚ್ ಹಿಡಿದು, ಮೇಲಿನಿಂದ ಬೆಳಕು ನೋಡಿ, 'ಪಾರದರ್ಶಕತೆ ತೃಪ್ತಿಕರ' ಎಂದು ಬರೆದುಕೊಂಡರು. ಕೊನೆಗೆ ವರದಿ ಬಂತು: 'ಮೂರೂ ಯಂತ್ರಗಳು ಸರಿಸಮನಾಗಿ ಉಜ್ಜಿರುವುದರಿಂದ ಯಾವುದನ್ನೂ ಆರಿಸಲಾಗಿಲ್ಲ. ಮೇಜನ್ನು ಹಿಂತಿರುಗಿಸಲಾಗಿದೆ. ಅದರ ಮೇಲೆ ಏನನ್ನೂ ಇಡಬಾರದು.'

ಭಾನುವಾರ ಹೆಂಡತಿ ಮೇಜಿನ ಮೇಲೆ ಅಂಗೈ ಆಡಿಸಿದರು.

"ಅಯ್ಯೋ, ಮಗುವಿನ ಕೆನ್ನೆ ಇದ್ದ ಹಾಗಿದೆ ಕಣ್ರೀ!"

ಅಣ್ಣ ತಟ್ಟೆ ಇಡಲು ಹೋದಾಗ ರಿಪೇರಿಯವರು ಗಬಕ್ಕನೆ ಕೈ ಹಿಡಿದುಕೊಂಡರು. "ಭಾವ, ಬೇಡ! ಆದೇಶ ಇದೆ."

"ಆದೇಶ ಅಂದ್ಮೇಲೆ ಮುಗೀತು ಬಿಡಿ," ಎಂದು ಭಾವ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡರು. ಮೂವರೂ ಮೇಜಿನ ಸುತ್ತ ಕೂತು, ಅದಕ್ಕೆ ಮೊಣಕೈ ತಾಗದಂತೆ, ಹೊಟ್ಟೆ ತುಂಬ ಉಂಡರು. ಮೂಲೆ ಉಳಿಯಿತು.

ಇಲ್ಲೊಂದು ಮಾತು ವಿವರಿಸಬೇಕು. ಆಯ್ಕೆ ಆಗದಿದ್ದರೆ ಮರುಪರೀಕ್ಷೆ ಕಡ್ಡಾಯ. ಅದಕ್ಕೆ ಬೇರೆ ಮರ ಬೇಕು. ಅದು ಸದಸ್ಯರಲ್ಲೊಬ್ಬರ ಮನೆಯದೇ ಆಗಿರಬೇಕು, ದಿನವೂ ಬಳಸುವಂಥದ್ದಾಗಿರಬೇಕು, ಏಕೆಂದರೆ ನಿಯಮದ ಪ್ರಕಾರ... ಒಂದು ನಿಮಿಷ, ಒಳಗಿಂದ ನನ್ನ ಹೆಂಡತಿ ಕರೆಯುತ್ತಿದ್ದಾಳೆ.

"ರೀ, ಬರೆದಿದ್ದು ಸಾಕು, ಬನ್ನಿ! ಅಧ್ಯಕ್ಷರು ಬಂದಿದಾರೆ. ಮಂಚದ ಮೇಲಿನ ಹಾಸಿಗೆ ತೆಗೀಬೇಕಂತೆ!"