ಹಡಗಿನ ಚಕ್ಕುಬಂದಿ

ವಿದ್ಯಾರ್ಥಿಯು ಯಾವ ದೇಶದಲ್ಲಾದರೂ ಓದಬಹುದು. ಆದರೆ ಓದುವ ಜಾಗಕ್ಕೆ ನಾಲ್ಕು ದಿಕ್ಕಿಗೂ ಚಕ್ಕುಬಂದಿ ಇರತಕ್ಕದ್ದು. ೧೯೯೮ನೇ ಇಸವಿಯಲ್ಲಿ ತುಮಕೂರಿನ ವಿದ್ಯಾರ್ಥಿ ವಾಸ ದೃಢೀಕರಣ ಕಚೇರಿಯ ಗೋಡೆಯ ಮೇಲೆ ಹೀಗೆಂದು ಬರೆದಿತ್ತು. ಅದರಲ್ಲಿ ಯಾರಿಗೂ ತಪ್ಪು ಕಂಡಿರಲಿಲ್ಲ, ಏಕೆಂದರೆ ಅಲ್ಲಿಯವರೆಗೆ ಓದಲು ಹೋದವರೆಲ್ಲ ನೆಲದ ಮೇಲೇ ಓದಿದ್ದರು.

ಶಿರಾ ಗೇಟಿನಲ್ಲಿ ಸೂಟ್‌ಕೇಸ್ ರಿಪೇರಿ ಅಂಗಡಿ ಇಟ್ಟಿದ್ದ ನಯಾಜ್ ಅಹಮದರ ಮಗಳು ಮಹೀನ್ ಮಾತ್ರ ನೀರಿನ ಮೇಲೆ ಓದಲು ಹೋದಳು. ವಿದೇಶದ ವಿಶ್ವವಿದ್ಯಾಲಯವೊಂದು ಹಡಗಿನಲ್ಲೇ ತರಗತಿ ನಡೆಸುತ್ತ ನಾಲ್ಕು ತಿಂಗಳಲ್ಲಿ ಹತ್ತು ದೇಶ ಸುತ್ತಿಸುತ್ತಿತ್ತು. ಖರ್ಚೆಲ್ಲ ಅವರದೇ. ಮಹೀನಳ ಕಾಲೇಜಿನವರು ಹಾರ ಹಾಕಿ, ಭಾಷಣ ಮಾಡಿ, ಕೊನೆಗೆ ಒಂದು ಸಣ್ಣ ಷರತ್ತು ಹೇಳಿದರು. ವಾಸ ದೃಢೀಕರಣ ಪತ್ರ ತರದಿದ್ದರೆ ನಾಲ್ಕು ತಿಂಗಳೂ ಗೈರುಹಾಜರಿ, ಫೈನಲ್ ಬಿ.ಎಸ್ಸಿ. ಪರೀಕ್ಷೆಗೆ ಕೂರುವಂತಿಲ್ಲ.

ಹಡಗಿನ ದಿನಚರಿ ಮಹೀನಳಿಗೆ ಬೇಗ ಒಗ್ಗಿತು. ಬೆಳಿಗ್ಗೆ ಎದ್ದರೆ ಗಡಿಯಾರ ಒಂದು ಗಂಟೆ ಮುಂದಿಡಿ ಎಂದು ಮೈಕಿನಲ್ಲಿ ಪ್ರಕಟಣೆ. ತಿಂಡಿಗೆ ಬ್ರೆಡ್ಡು, ಅದಕ್ಕೆ ಅಮ್ಮಿ ಜಮಾಲುನ್ನೀಸಾ ಕಟ್ಟಿಕೊಟ್ಟಿದ್ದ ಮಾವಿನಕಾಯಿ ಉಪ್ಪಿನಕಾಯಿ. ತರಗತಿಯಲ್ಲಿ ಕುರ್ಚಿಗಳನ್ನು ನೆಲಕ್ಕೆ ಬಿಗಿದಿದ್ದರು, ಮೇಷ್ಟರನ್ನು ಬಿಗಿದಿರಲಿಲ್ಲ. ಹೀಗಾಗಿ ಅವರು ಹಲಗೆಯ ಕಡೆಗೆ ಇಳಿಜಾರಿನಲ್ಲಿ ಓಡಿ, ವಾಪಸ್ಸು ಏರು ಹತ್ತಿ ಬರುತ್ತಿದ್ದರು. ಪೆನ್ನು ಉರುಳಿ ಪೆರು ದೇಶದ ಹುಡುಗಿಯ ಹತ್ತಿರ ಹೋಗುತ್ತಿತ್ತು. ಮುಂದಿನ ಅಲೆ ಅದನ್ನು ಹಿಂದಿರುಗಿಸುತ್ತಿತ್ತು. ನಮಾಜಿಗೆ ಕಿಬ್ಲಾ, ಅಂದರೆ ಮೆಕ್ಕಾದ ದಿಕ್ಕು, ಎತ್ತ ಎಂದು ದಿನವೂ ಹಡಗಿನ ಅಧಿಕಾರಿಯನ್ನು ಕೇಳುತ್ತಿದ್ದಳು. ಅವರು ಯಾವ ಅರ್ಜಿಯನ್ನೂ ಕೇಳದೆ ಕೈ ತೋರಿಸುತ್ತಿದ್ದರು. ಅರ್ಧ ಜನ ವಾಂತಿ ಮಾಡಿಕೊಂಡು ಮಲಗಿದ್ದಾಗಲೂ ಅವಳಿಗೆ ಏನೂ ಆಗಲಿಲ್ಲ.

ಸಿಂಗಪುರದ ಬಂದರಿನಲ್ಲಿ ಅಬ್ಬಾನ ಮೊದಲ ಫ್ಯಾಕ್ಸ್ ಕಾದಿತ್ತು. ಮುಂದೆ ಕಚೇರಿಯವರು ಓದಬೇಕಾಗಿ ಬಂದರೆ ಅನುಕೂಲವಾಗಲಿ ಎಂದು ಅವರು ಕನ್ನಡದಲ್ಲೇ ಬರೆದಿದ್ದರು. "ಮಗಳೇ, ನಾವೆಲ್ಲ ಆರಾಮಾಗಿದೀವಿ. ಸೂಪರಿಂಟೆಂಡೆಂಟ್ ಚನ್ನವೀರಯ್ಯನೋರು ಫೈಲ್ ನೋಡಿದ್ರು. ಹಡಗಿನ ಪೂರ್ವಕ್ಕೆ ಏನಿದೆ, ಪಶ್ಚಿಮಕ್ಕೆ ಯಾರ ಮನೆ ಇದೆ ಅಂತ ಬರ್ಕೊಡ್ಬೇಕಂತೆ. ಹುಷಾರು, ಕಿಟಕಿ ತೆಗೀಬೇಡ."

ಹಡಗು ಮತ್ತೆ ಕಡಲಿಗಿಳಿದ ಮೇಲೆ ಮಹೀನ್ ಡೆಕ್ಕಿನ ಮೇಲೆ ನಿಂತು ಸುತ್ತ ನೋಡಿ ಇದ್ದದ್ದನ್ನು ಇದ್ದಂತೆ ಬರೆದಳು. ಪೂರ್ವಕ್ಕೆ ಸಮುದ್ರ, ಪಶ್ಚಿಮಕ್ಕೆ ಸಮುದ್ರ, ಉತ್ತರಕ್ಕೆ ಸಮುದ್ರ, ದಕ್ಷಿಣಕ್ಕೆ ಸಮುದ್ರ. ಕಚೇರಿಯಿಂದ ಉತ್ತರ ಬಂತು: "ನಾಲ್ಕೂ ದಿಕ್ಕಿಗೆ ಒಬ್ಬರದೇ ಆಸ್ತಿ ಇರುವುದು ಸಂಶಯಾಸ್ಪದ. ಸದರಿ ನೆರೆಯವರಿಂದ ತಕರಾರಿಲ್ಲವೆಂಬ ಪತ್ರ ಪಡೆದು ಲಗತ್ತಿಸುವುದು."

ಅವಳು ಜಪಾನಿನ ಬಂದರಿಗೆ ಬಂದಾಗ ಜಾಣತನದಿಂದ ಪೂರ್ವಕ್ಕೆ ಗೋದಾಮು, ಉತ್ತರಕ್ಕೆ ರಸ್ತೆ ಎಂದು ಬರೆದು ಕಳಿಸಿದಳು. ಕಚೇರಿಗೆ ತೃಪ್ತಿಯಾಯಿತು. ಆದರೆ ಅಷ್ಟರಲ್ಲಿ ಹಡಗು ಹೊರಟಿತ್ತು, ಆ ಸಂಗತಿ ಹೇಗೋ ಫೈಲಿಗೆ ಸೇರಿತು. "ಅರ್ಜಿದಾರರು ಪದೇ ಪದೇ ವಾಸಸ್ಥಳ ಬದಲಿಸುತ್ತಿರುವ ಕಾರಣ ಸ್ಥಳ ಮಹಜರು ಅವಶ್ಯ" ಎಂದು ಷರಾ ಬಿತ್ತು. ದಾರಿಯಲ್ಲಿ ಅಂತರರಾಷ್ಟ್ರೀಯ ದಿನರೇಖೆ ದಾಟುವಾಗ ಹಡಗಿನವರಿಗೆ ಒಂದೇ ಬುಧವಾರ ಎರಡು ಸಲ ಬಂತು. ಅದನ್ನು ತುಮಕೂರಿಗೆ ತಿಳಿಸದಿರುವುದೇ ಕ್ಷೇಮವೆಂದು ಮಹೀನ್ ಸುಮ್ಮನಿದ್ದಳು.

ಹೊನೊಲುಲುವಿನಿಂದ ಅವಳು ಶಿರಾ ಗೇಟಿನ ಎಸ್‌ಟಿಡಿ ಬೂತಿಗೆ ಫೋನ್ ಮಾಡಿದಳು. ಅಬ್ಬಾ ಫೋನನ್ನು ಪಕ್ಕದಲ್ಲೇ ನಿಂತಿದ್ದ, ಮಹಜರಿಗೆ ನೇಮಕವಾಗಿದ್ದ ದೃಢೀಕರಣ ಕಚೇರಿಯ ಇನ್‌ಸ್ಪೆಕ್ಟರ್ ಗುರುಸಿದ್ದಯ್ಯನವರ ಕೈಗೆ ಕೊಟ್ಟರು.

"ಏನಮ್ಮಾ, ಹಡಗು ನಿಂತೈತಾ, ಓಡ್ತಾ ಐತಾ?"

"ಈಗ ನಿಂತಿದೆ ಸಾರ್. ಸಾಯಂಕಾಲ ಹೊರಡುತ್ತೆ."

"ಹಂಗ್ ಹೊರಟ್ರೆ ನಾನ್ ಎಲ್ಲಿಗ್ ಬಂದು ಮಹಜರು ಮಾಡ್ಲಿ? ಒಂದ್ ವಾರ ನಿಲ್ಸೋಕ್ ಹೇಳು."

"ಇದ್ರಲ್ಲಿ ಐನೂರು ಜನ ಇದಾರೆ ಸಾರ್."

"ಅಷ್ಟೆಲ್ಲ ಬ್ಯಾಡ. ಪಂಚರು ಐದು ಜನ ಇದ್ರೆ ಸಾಕು."

"ಪತ್ರ ಸಿಗದಿದ್ರೆ ನನ್ನ ವರ್ಷ ಹೋಗುತ್ತೆ ಸಾರ್" ಎನ್ನುತ್ತ ಮಹೀನ್ ಅತ್ತುಬಿಟ್ಟಳು. ಇಷ್ಟು ದೂರ ಬಂದು, ಇಷ್ಟೆಲ್ಲ ಕಲಿತು, ಊರಿಗೆ ಹೋದಾಗ ತಾನು ಎಲ್ಲಿಗೂ ಹೋಗಿರಲೇ ಇಲ್ಲ ಎಂದಾಗಿಬಿಟ್ಟರೆ ಎಂದು ಅವಳಿಗೆ ನಿಜಕ್ಕೂ ಭಯವಾಗಿತ್ತು.

ಗುರುಸಿದ್ದಯ್ಯ ಕೆಟ್ಟವರಲ್ಲ. "ಅಳ್ಬ್ಯಾಡ ಕಣಮ್ಮ, ನಂಗೂ ಮಗಳವ್ಳೆ. ಜಿಲ್ಲೆ ದಾಟೋ ಅಧಿಕಾರ ನಂಗಿಲ್ಲ. ಜಿಲ್ಲೆ ಒಳಗೇ ಏನಾದ್ರೂ ದಾರಿ ಮಾಡ್ತೀನಿ ಬುಡು" ಎಂದರು.

ಮಾಡಿದರು ಕೂಡ. ಹದಿನೈದು ದಿನದಲ್ಲಿ ಆದೇಶ ಹೊರಬಿತ್ತು: "ಹಡಗು ನೀರಿನ ಮೇಲಿರುವುದು ನಿರ್ವಿವಾದ. ಈ ಕಚೇರಿಯ ವ್ಯಾಪ್ತಿಯ ನೀರುಗಳ ಪೈಕಿ ಹಡಗು ಹಿಡಿಸುವಂಥದು ಕುಣಿಗಲ್ ಕೆರೆ. ಆದ್ದರಿಂದ ಸದರಿ ಹಡಗು ಸದರಿ ಕೆರೆಯಲ್ಲಿದೆ ಎಂದು ಭಾವಿಸತಕ್ಕದ್ದು." ಎಮ್ಮೆ ತೊಳೆಯಲು ಬಂದಿದ್ದ ಐವರು ಪಂಚರಾದರು. ಪೂರ್ವಕ್ಕೆ ಕೆರೆ ಏರಿ, ಪಶ್ಚಿಮಕ್ಕೆ ರಾಗಿ ಹೊಲ, ಉತ್ತರಕ್ಕೆ ತೆಂಗಿನ ತೋಟ, ದಕ್ಷಿಣಕ್ಕೆ ಓಬಳಮ್ಮನವರ ಟೀ ಅಂಗಡಿ. ಹಡಗಿನಿಂದ ತನಗೇನೂ ತೊಂದರೆಯಿಲ್ಲವೆಂದು ಓಬಳಮ್ಮ ಹೆಬ್ಬೆಟ್ಟು ಒತ್ತಿದರು.

ನವೆಂಬರಿನಲ್ಲಿ ಮಹೀನ್ ತುಮಕೂರು ಸ್ಟೇಷನ್ನಿನಲ್ಲಿ ರೈಲಿಳಿದಳು. ಆದರೆ ಕೆರೆಯಿಂದ ವಾಪಸಾದ ವರದಿ ಆಗುವವರೆಗೆ ಅವಳು ಹಡಗಿನಲ್ಲೇ ಇರುವಳೆಂದು ಪರಿಗಣಿಸಬೇಕೆಂದು ಚನ್ನವೀರಯ್ಯ ಮೊದಲೇ ಎಚ್ಚರಿಸಿದ್ದರು. ಎರಡು ದಿನ ಅವಳು ಮನೆಯೊಳಗೆ ಕೂತು ಊಟ ಮಾಡುತ್ತಿದ್ದರೆ, ಅಬ್ಬಾ ಅಂಗಡಿಯಲ್ಲಿ ಕೇಳಿದವರಿಗೆಲ್ಲ "ಮಗಳು ಇನ್ನೂ ಬಂದಿಲ್ಲ, ಗುರುವಾರ ಬರ್ತಾಳೆ" ಎನ್ನುತ್ತಿದ್ದರು. ಅವರು ಆಯುಷ್ಯದಲ್ಲಿ ಯಾವ ಕಚೇರಿಗೂ ಸುಳ್ಳು ಹೇಳಿದವರಲ್ಲ.

ಗುರುವಾರ ಅಬ್ಬಾ, ಅಮ್ಮಿ, ಮಹೀನ್ ಮೂವರೂ ಸೂಟ್‌ಕೇಸ್ ಸಮೇತ ಬಸ್ಸು ಹತ್ತಿ, ಹೆಬ್ಬೂರು ದಾಟಿ ಕುಣಿಗಲ್ಲಿಗೆ ಹೋದರು. ಚನ್ನವೀರಯ್ಯ, ಗುರುಸಿದ್ದಯ್ಯ ಕೆರೆಯ ದಡದಲ್ಲಿ ಕಾದಿದ್ದರು. ಮೀನು ಹಿಡಿಯುವವರ ತೆಪ್ಪದಲ್ಲಿ ಮಹೀನಳನ್ನು ಕೆರೆಯ ನಡುವಿಗೆ ಕರೆದೊಯ್ದು, ವಿಧಿವತ್ತಾಗಿ ದಡಕ್ಕೆ ವಾಪಸ್ಸು ತಂದರು. ತೆಪ್ಪ ಬುಗುರಿಯಂತೆ ತಿರುಗಿತು. ಮಹಾಸಾಗರಗಳಲ್ಲಿ ಒಂದು ದಿನವೂ ತಲೆ ಸುತ್ತದ ಮಹೀನ್ ದಡ ಸೇರಿ ವಾಂತಿ ಮಾಡಿಕೊಂಡಳು.

"ದೀರ್ಘ ಸಮುದ್ರಯಾನದ ಲಕ್ಷಣಗಳು ಕಂಡುಬಂದಿವೆ" ಎಂದು ಗುರುಸಿದ್ದಯ್ಯ ಬರೆದುಕೊಂಡರು. ಅದುವರೆಗೆ ಒಳಗೊಳಗೇ ಅನುಮಾನವಿಟ್ಟುಕೊಂಡಿದ್ದ ಚನ್ನವೀರಯ್ಯ ಅಲ್ಲೇ ಸೂಟ್‌ಕೇಸಿನ ಮೇಲೆ ಕಾಗದವಿಟ್ಟು ದುಂಡು ಸೀಲು ಒತ್ತಿದರು. ಪರೀಕ್ಷೆ ಉಳಿಯಿತು. ಅಂದು ಸ್ಟೇಷನ್ನಿಗೆ ಕರೆತರಲು ಬಂದಾಗ ಬಿಗಿದುಕೊಂಡು ನಿಂತಿದ್ದ ಅಬ್ಬಾ ಈಗ ಮಗಳ ತಲೆ ಸವರಿ, "ಬಂದೆಯಾ ಮಗಳೇ" ಎಂದು ಎಲ್ಲರೆದುರು ಅತ್ತರು. ಅಮ್ಮಿ ಸೆರಗಿನಿಂದ ಅವಳ ಮುಖ ಒರೆಸಿದರು.

ಬಾಯಿ ಮುಕ್ಕಳಿಸಲು ನೀರು ಕೊಟ್ಟು, ಟೀ ಲೋಟ ಮುಂದಿಟ್ಟ ಓಬಳಮ್ಮನ ಮುಖ ಮಾತ್ರ ಸಪ್ಪಗಿತ್ತು.

"ನಾಕ್ ತಿಂಗ್ಳು ಪಕ್ಕದಲ್ಲೇ ಇದ್ದು, ಒಂದಿನಾನಾದ್ರೂ ಟೀಗೆ ಬರ್ಲಿಲ್ವಲ್ಲವ್ವಾ" ಎಂದರು.

ಮಹೀನ್ ಕೈಯಲ್ಲಿದ್ದ ಪತ್ರ ನೋಡಿದಳು, ಕೆರೆ ನೋಡಿದಳು.

"ತಪ್ಪಾಯ್ತು ಅಜ್ಜಿ" ಎಂದಳು, "ಓದೋದಿತ್ತು."