ಗುಮಾಸ್ತರು ಕೊಲ್ಲೋರಲ್ಲ

ನಟ: ಆ ಮೂಲೆ ಚೂರು ಸೊಟ್ಟಗೇ ಇರಲಿ ಡಾಕ್ಟ್ರೇ.

ಡಾಕ್ಟರ್: ಸೊಟ್ಟ ಹಲ್ಲು ಮಾಡಿಕೊಡೋಕೆ ನಾನು ಐದು ವರ್ಷ ಓದಬೇಕಾಗಿರಲಿಲ್ಲ. ಬಾಯಿ ತೆಗೀರಿ.

ನಟ: ಮೊದಲು ಹೇಗಿತ್ತೋ ಹಾಗೇ ಬೇಕು. ಎಡಗಡೆ ಒಂದಿಷ್ಟು ಮೊಂಡು, ತುದೀಲಿ ಹಳದಿ.

ಡಾಕ್ಟರ್: ಹಳದಿನೂ ಬೇಕಾ? ಅದನ್ನ ತೆಗೀರಿ ಅಂತ ಜನ ಗೋಗರೀತಾರೆ.

ನಟ: ಇವತ್ತು ಮೂರು ಗಂಟೆಗೆ ಶೂಟಿಂಗ್ ಇದೆ. ಸೀನು ಅರ್ಧ ಆಗಿದೆ. ಆ ಅರ್ಧದಲ್ಲಿ ಒಂದು ಹಲ್ಲು, ಈ ಅರ್ಧದಲ್ಲಿ ಇನ್ನೊಂದು ಹಲ್ಲು ಅಂದ್ರೆ ನೋಡೋರು ನಗಲ್ವಾ?

ಕುರ್ಚಿಯಲ್ಲಿ ಅಂಗಾತ ಮಲಗಿದ್ದವರು ಇಪ್ಪತ್ತಾರು ವರ್ಷದಿಂದ ಟಿ.ವಿ.ಯಲ್ಲಿ ಕಾಣಿಸಿಕೊಳ್ಳುತ್ತಾ ಬಂದ ನಟರು. ಮುಖ ಎಲ್ಲರಿಗೂ ಗೊತ್ತು, ಹೆಸರು ಯಾರಿಗೂ ಗೊತ್ತಿಲ್ಲ. ಈಗ ಭಾನುವಾರದ ಪತ್ತೇದಾರಿ ಧಾರಾವಾಹಿಯಲ್ಲಿ ಅವರದು ಸಾಹುಕಾರರ ಮನೆ ಗುಮಾಸ್ತನ ಪಾತ್ರ. ಸಾಹುಕಾರರಿಗೆ ಯಾರೋ ವಿಷ ಹಾಕಿ ಕೊಂದಿದ್ದರು. ಯಾರು ಅಂತ ಕಡೇ ಕಂತಿನಲ್ಲಿ ಗೊತ್ತಾಗಬೇಕು.

ಕೊಂದವನು ಗುಮಾಸ್ತ. ಆ ಪುಟಗಳು ಕೈಗೆ ಬಂದ ದಿನ ನಟರು ಮೂರು ಸಲ ಓದಿಕೊಂಡು, ಯಾರದೋ ಪುಟ ತಪ್ಪಿ ತಮಗೆ ಬಂದಿದೆಯೇನೋ ಅಂತ ವಾಪಸ್ ಕೊಡಲು ಹೋಗಿದ್ದರು. ಪ್ರಸಾರವಾಗುವ ತನಕ ಯಾರ ಮುಂದೂ ಬಾಯಿ ಬಿಡುವುದಿಲ್ಲ ಎಂದು ಕಾಗದಕ್ಕೆ ಸಹಿ ಹಾಕಿದ್ದರು. ಹೆಂಡತಿಗೂ ಹೇಳಿರಲಿಲ್ಲ. ಆಮೇಲೆ ಹಲ್ಲು ಮುರಿಯಿತು. ಬಾಯಿ ಬಿಡದೆ ವಿಧಿಯಿರಲಿಲ್ಲ.

ಡಾಕ್ಟರ್: ಹೇಗೆ ಮುರೀತು?

ನಟ: ಬಾಟಲಿ ಮುಚ್ಚಳ ಹಲ್ಲಲ್ಲಿ ಕಚ್ಚಿ ತೆಗೀಬೇಕಿತ್ತು. ಕ್ಯಾಮೆರಾ ಮುಂದೆ.

ಡಾಕ್ಟರ್: ಎಂಥ ಬಾಟಲಿ?

ನಟ: (ತಡೆದು) ನೀರಿನ ಬಾಟಲಿ.

ಡಾಕ್ಟರ್: ಗುಮಾಸ್ತರು ನೀರು ಕುಡಿಯೋದನ್ನೂ ತೋರಿಸ್ತಾರಾ? ಅದಕ್ಕೇ ಕಥೆ ಮುಂದಕ್ಕೆ ಹೋಗ್ತಿಲ್ಲ.

ಪಕ್ಕದಲ್ಲಿದ್ದ ಸಿಸ್ಟರ್ ಡಾಕ್ಟರ್ ಕೈಗೆ ಸೂಜಿ ಕೊಟ್ಟರು. ಹಲ್ಲು ಜುಂ ಅನ್ನದ ಹಾಗೆ ಮರಗಟ್ಟಿಸುವ ಮದ್ದು. ಡಾಕ್ಟರ್ ಒಸಡಿಗೆ ಚುಚ್ಚಿ, ಅದು ಹಿಡಿಯುವ ತನಕ ಸ್ಟೂಲಿನ ಮೇಲೆ ಕೂತರು.

ಡಾಕ್ಟರ್: ಕಥೆ ಹೇಳಿ ಅಂತ ನಾನು ಕೇಳಲ್ಲ, ನಿಮಗೆ ಸಂಕಟ. ಕೊಲೆಗಾರ ಯಾರು ಅಂತ ನನಗೆ ಆಗಲೇ ಗೊತ್ತು.

ನಟ: (ಗಾಬರಿಯಾಗಿ) ಯಾರು?

ಡಾಕ್ಟರ್: ಆ ಮನೆ ಡಾಕ್ಟರ್. ಕಥೆ ನೋಡಬಾರದು ಸಾರ್, ಯಾರು ಆಡ್ತಿದ್ದಾರೆ ಅಂತ ನೋಡಬೇಕು. ಆತ ನಾನು ಕಾಲೇಜಲ್ಲಿದ್ದಾಗ ಹೀರೋ. ಆತ ಮರ ಸುತ್ತಿದರೆ ಟಿಕೆಟ್ ಸಿಗ್ತಿರಲಿಲ್ಲ. ಅಂಥವರನ್ನ ಕರೆಸಿ, ಎರಡು ಸಲ ನಾಡಿ ಹಿಡಿಸಿ ಮನೆಗೆ ಕಳಿಸ್ತಾರಾ?

ನಟ: ಅವರಿಗೆ ಈಗ ಕೆಲಸ ಇಲ್ಲ ಡಾಕ್ಟ್ರೇ. ನಾಡಿ ಹಿಡಿಯೋಕೇ ಖುಷಿಯಾಗಿ ಬಂದರು.

ಡಾಕ್ಟರ್: ಸುಮ್ಮನಿರಿ. ನಮ್ಮತ್ತೆ ಆ ಮನೆ ಸೊಸೆ ಕಡೆ ಕೈ ತೋರಿಸ್ತಾರೆ. ಯಾವ ಕಥೆಯಾದರೂ ಅವರಿಗೆ ಸೊಸೇನೇ ಕೊಲೆಗಾರ್ತಿ. ಭಾನುವಾರ ಅವರ ಮುಂದೆ ನನ್ನ ಮಾನ ಉಳೀಬೇಕು.

ನಟ: ಅಳಿಯ?

ಡಾಕ್ಟರ್: ಟೂತ್‌ಪೇಸ್ಟ್ ಜಾಹೀರಾತಿಂದ ಬಂದ ಹುಡುಗ. ಮೇಲಿನ ಆರೂ ಕಟ್ಟಿಸಿದ ಹಲ್ಲು. ಕೋಪ ಬಂದರೂ ಹಲ್ಲು ಕಡಿಯೋಕೆ ಹೆದರ್ತಾನೆ. ಅವನಿಂದ ಕೊಲೆ ಆಗಲ್ಲ.

ನಟ: ಇನ್‌ಸ್ಪೆಕ್ಟರ್ ಮೇಲೆ ಅನುಮಾನ ಇಲ್ವಾ?

ಡಾಕ್ಟರ್: ಹತ್ತು ವರ್ಷ ಬರೀ ಕಳ್ಳನ ಪಾತ್ರ ಮಾಡಿದೋನು. ಈಗ ತಾನೇ ಬಡ್ತಿ ಸಿಕ್ಕಿದೆ, ಕೆಡಿಸ್ಕೋತಾನಾ?

ನಟ: (ದನಿ ಇಳಿಸಿ) ಮತ್ತೆ... ಗುಮಾಸ್ತ?

ಡಾಕ್ಟರ್: ಯಾವ ಗುಮಾಸ್ತ?

ನಟ: ನಾನು.

ಡಾಕ್ಟರ್: ಓ. ಇಲ್ಲ ಇಲ್ಲ. ಬಾಯಿ ತೆಗೀರಿ.

ಬಾಯಿ ತೆಗೆದದ್ದೇ ತಡ, ಎರಡು ಕಡೆಯೂ ಹತ್ತಿ ತುರುಕಿದರು. ಇನ್ನು ನಟರು ಉತ್ತರ ಕೊಡುವ ಹಾಗಿರಲಿಲ್ಲ.

ಡಾಕ್ಟರ್: ನಿಮ್ಮನ್ನ ಮೊದಲಿಂದ ನೋಡ್ತಿದ್ದೀನಿ. ಫೋನ್ ಎತ್ತಿ 'ಸಾಹೇಬ್ರು ಇಲ್ಲ' ಅಂದೋರು ನೀವು. 'ಲಿಫ್ಟ್ ಕೆಟ್ಟಿದೆ ಮೇಡಂ' ಅಂದೋರೂ ನೀವೇ. ಹೆಣ ಆಗಿದ್ದು ನಾಲ್ಕು ಸಲ.

ನಟರು ಐದು ಬೆರಳು ತೋರಿಸಿದರು.

ಡಾಕ್ಟರ್: ಐದಾ? ಒಂದ್ಸಲ ಉಸಿರಾಡಿಬಿಟ್ರಿ. ನಾನು ನೋಡಿದೆ.

ನಟ: ಆಂ...!

ಡಾಕ್ಟರ್: ನೋವಾಯ್ತಾ? ಎಲ್ಲಿ?

ನಟರು ಎದೆ ಮುಟ್ಟಿ ತೋರಿಸಿದರು.

ಡಾಕ್ಟರ್: ಅದು ನಮ್ಮಲ್ಲಿ ನೋಡಲ್ಲ.

ಹತ್ತಿ ತೆಗೆದರು. ನಟರು ಬಾಯಿ ಮುಕ್ಕಳಿಸಿ ಉಗಿದು, ಮರಗಟ್ಟಿದ ತುಟಿಯನ್ನು ಬೆರಳಿನಿಂದ ಹಿಡಿದುಕೊಂಡು ಮಾತಿಗಿಳಿದರು.

ನಟ: ಗುಮಾಸ್ತನ ಕೈಲಿ ಯಾಕಾಗಲ್ಲ? ಹದಿನೆಂಟು ವರ್ಷ ಬೈಸಿಕೊಂಡಿದ್ದಾನೆ. ಎಲ್ಲರ ಮುಂದೆ ಯಜಮಾನ ಅವನ ಮುಖಕ್ಕೆ ಫೈಲು ಎಸೆದ!

ಡಾಕ್ಟರ್: ಎಸೆದ. ನೀವು ಬಗ್ಗಿ ಎತ್ತಿಕೊಂಡು, ಧೂಳು ಕೊಡವಿ, 'ತಪ್ಪಾಯ್ತು ಸಾರ್' ಅಂದ್ರಿ. ಎಷ್ಟು ಚೆನ್ನಾಗಿ ಮಾಡಿದ್ರಿ ಅಂದ್ರೆ, ಆವತ್ತೇ ನಿಮ್ಮನ್ನ ಪಟ್ಟಿಯಿಂದ ತೆಗೆದುಹಾಕಿದೆ.

ನಟ: ಒಳಗೆ ಕುದೀತಿರಬಹುದಲ್ವಾ?

ಡಾಕ್ಟರ್: ಕುದಿಯೋಕೆ ಮುಖ ಬೇಕು ಸಾರ್. (ಕೈ ನಿಲ್ಲಿಸಿ) ತಡೀರಿ. ಹಲ್ಲು ಮೊದಲಿನ ಥರಾನೇ ಬೇಕು ಅಂದ್ರಿ. ಮುಂದಿನ ಹಲ್ಲು ಅಷ್ಟು ಸ್ಪಷ್ಟವಾಗಿ ಕಾಣಬೇಕು ಅಂದ್ರೆ ಕ್ಯಾಮೆರಾ ಹತ್ತಿರ ಬರುತ್ತೆ. ಅದೂ ನಿಮ್ಮ ಹತ್ತಿರ! ಮಾತೂ ಜಾಸ್ತಿ ಇರಬೇಕು. ಅದೂ ಕಡೇ ಕಂತಲ್ಲಿ!

ನಟರು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಸಿಕ್ಕಿಬಿದ್ದೆನಲ್ಲ ಅನ್ನುವ ಭಯ ಅರ್ಧ, ಸಿಕ್ಕಿಬೀಳಲಿ ಅನ್ನುವ ಆಸೆ ಅರ್ಧ.

ಡಾಕ್ಟರ್: ಗೊತ್ತಾಯ್ತು. ನೀವು ಸಾಕ್ಷಿ.

ನಟರು ಧಡಕ್ಕನೆ ಎದ್ದು ಕೂತರು. 'ನಾನೇ ಕೊಂದಿದ್ದು' ಅನ್ನುವುದು ಅವರ ಮನಸ್ಸಿನಲ್ಲಿದ್ದ ಮಾತು. ಆದರೆ ಮದ್ದು ಹಿಡಿದ ನಾಲಿಗೆ ದಕಾರದ ಹತ್ತಿರ ಬಂದು ಮೇಲಕ್ಕೆ ಮಡಚಿಕೊಂಡಿತು.

ನಟ: ಸಾಕ್ಷಿ ಅಲ್ಲ! ನಾನೇ ಕೊಂಡಿದ್ದು!

ಡಾಕ್ಟರ್: ಏನು ಕೊಂಡ್ರಿ?

ನಟ: ಕೊಂಡೆ! ಕೊಂಡೆ ರೀ! ಯಜಮಾನನ್ನ!

ಡಾಕ್ಟರ್: ಯಜಮಾನರಿಗೆ ಅಂತಲೇ ಕೊಂಡ್ರಾ? ಸರಿ, ಏನನ್ನ?

ನಟ: ವಿಷ! (ಜೊಲ್ಲು ಒರೆಸಿಕೊಂಡು) ಕೊಂಡೆ!

ಡಾಕ್ಟರ್: ವಿಷ ಕೊಂಡ್ರಾ! ಅಯ್ಯೋ ಪಾಪ! ಸಿಸ್ಟರ್, ಕೇಳಿದ್ರಾ? ಆ ಡಾಕ್ಟರ್ ಚೀಟಿ ಬರೆದುಕೊಟ್ಟಿದ್ದಾನೆ, ಇವರು ಏನು ಎತ್ತ ಅಂತ ನೋಡದೆ ಅಂಗಡಿಯಿಂದ ತಂದುಕೊಟ್ಟಿದ್ದಾರೆ. ಗುಮಾಸ್ತರು ಅಂದ್ರೆ ಹಾಗೇ. ನಾನು ಹೇಳಲಿಲ್ವಾ?

ಸಿಸ್ಟರ್ ನಟರ ಮುಖವನ್ನೇ ನೋಡುತ್ತಾ ನಿಂತಿದ್ದರು. ನಟರಿಗೆ ಆಗ ಸಹಿ ಹಾಕಿದ ಕಾಗದ ನೆನಪಾಯಿತು. ಮೆಲ್ಲಗೆ ಮತ್ತೆ ಒರಗಿಕೊಂಡರು.

ನಟ: ಹೂಂ. ನೀವು ಹೇಳಿದ ಹಾಗೇ. ಯಾರಿಗೂ ಹೇಳಬೇಡಿ ಡಾಕ್ಟ್ರೇ.

ಡಾಕ್ಟರ್: ಛೇ ಛೇ, ಯಾರಿಗೂ ಇಲ್ಲ. ನಮ್ಮತ್ತೆಗೆ ಮಾತ್ರ.

ಹಲ್ಲು ಹಳದಿ ಸಮೇತ ಸಿದ್ಧವಾಯಿತು. ಮೂರು ಗಂಟೆಯ ಹೊತ್ತಿಗೆ ಮದ್ದು ಇಳಿದಿತ್ತು. ನಟರು ಆ ಉಳಿದರ್ಧವನ್ನು ಒಂದೇ ಏಟಿಗೆ ಮುಗಿಸಿದರು. ಹದಿನೆಂಟು ವರ್ಷದ ಬೈಗುಳವನ್ನೆಲ್ಲ ದನಿ ಏರಿಸದೆ, ಪಟ್ಟಿ ಓದಿದ ಹಾಗೆ ಹೇಳಿ ನಿಲ್ಲಿಸಿದಾಗ, ಲೈಟು ಹಿಡಿದವರು ಅದನ್ನು ಆರಿಸುವುದನ್ನೇ ಮರೆತರು. ಭಾನುವಾರ ಅದು ಪ್ರಸಾರವಾಯಿತು. ನಟರ ಹೆಂಡತಿ 'ಮನೇಲಿ ಮಾತ್ರ ಹಾಗೆ ನೋಡಬೇಡಿ' ಅಂದಳು. ಬುಧವಾರ ನಟರು ಹಲ್ಲು ತೋರಿಸಲು ಹೋದಾಗ ನಡಿಗೆಯೇ ಬೇರೆಯಾಗಿತ್ತು.

ಡಾಕ್ಟರ್: ನೋಡಿದ್ವಿ ಸಾರ್, ಮನೆಮಂದಿಯೆಲ್ಲ.

ನಟ: ಹೇಗಿತ್ತು?

ಡಾಕ್ಟರ್: ಬಹಳ ಸಹಜವಾಗಿ ಬಂದಿದೆ. ಕಟ್ಟಿದ ಹಲ್ಲು ಅಂತ ಗೊತ್ತೇ ಆಗಲ್ಲ.

ನಟ: ಹಲ್ಲು ಹಾಗಿರಲಿ. ಕೊಲೆ?

ಡಾಕ್ಟರ್: ಅದನ್ನ ನಾನು ನಂಬಲಿಲ್ಲ. ಯಾರನ್ನೋ ಉಳಿಸೋಕೆ ನೀವು ತಪ್ಪು ಒಪ್ಪಿಕೊಂಡಿದ್ದೀರಿ.

ನಟ: ಕೈಗೆ ಕೋಳ ಹಾಕಿ ಕರಕೊಂಡು ಹೋದರಲ್ರೀ!

ಡಾಕ್ಟರ್: ಹೋಗ್ತಾ ಇನ್‌ಸ್ಪೆಕ್ಟರಿಗೆ ನೀವೇ ಬಾಗಿಲು ತೆಗೆದುಕೊಟ್ರಿ. ಕೊಲೆ ಮಾಡಿದೋರು ಹಾಗೆ ಮಾಡ್ತಾರಾ?

ನಟ: ನಿಮ್ಮತ್ತೆಯಾದರೂ ನಂಬಿದ್ರಾ?

ಡಾಕ್ಟರ್: ಕೊಂದಿದ್ದು ಇವನೇ ಇರಬಹುದು, ಹೇಳಿಕೊಟ್ಟೋಳು ಸೊಸೆ ಅಂದ್ರು. ಒರಗಿಕೊಳ್ಳಿ.

ನಟರು ನಿಟ್ಟುಸಿರು ಬಿಟ್ಟು ಒರಗಿಕೊಂಡರು. ಸಿಸ್ಟರ್ ಚೂಪು ಸಲಾಕೆಗಳ ಟ್ರೇ ತಂದು ಅವರ ಬಲಗೈ ಪಕ್ಕ ಇಡಲು ಬಗ್ಗಿದವರು, ಒಂದು ಸಲ ಆ ಕೈ ನೋಡಿದರು, ಒಂದು ಸಲ ಮುಖ ನೋಡಿದರು. ಟ್ರೇಯನ್ನು ಎತ್ತಿಕೊಂಡು ಹೋಗಿ ಕಿಟಕಿಯ ಹತ್ತಿರ ಇಟ್ಟರು.

ನಟರು ಕುರ್ಚಿಯಿಂದ ಎದ್ದು ನಿಂತರು. ಕಣ್ಣಲ್ಲಿ ನೀರಾಡಿತ್ತು.

ನಟ: ಸಿಸ್ಟರ್, ಇಪ್ಪತ್ತಾರು ವರ್ಷ ಆಯ್ತಮ್ಮ ನಾನು ಈ ಕೆಲಸಕ್ಕೆ ಬಂದು. ನಿಮಗೆ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗ್ತಿಲ್ಲ.

ಸಿಸ್ಟರ್: (ಬಾಗಿಲ ಕಡೆ ಎರಡು ಹೆಜ್ಜೆ ಸರಿದು) ಅಲ್ಲಿಂದಲೇ ಹೇಳಿ ಸಾರ್.