ಹ ಇಲ್ಲದ ಹಿಲ್ಲು

"ಇಂಗ್ಲಿಷ್ ತಾನೆ? ಅದ್ಕ್ಯಾಕ್ಲಾ ಇಷ್ಟ್ ಯೋಚ್ನೆ? ನಾನ್ ನೋಡ್ಕತೀನಿ ಬುಡು."

ಪಾರ್ವತಮ್ಮ ಮಗನಿಗೆ ಹೀಗೆ ಅಭಯ ಕೊಟ್ಟಾಗ, ಪಕ್ಕದಲ್ಲಿ ಊಟಕ್ಕೆ ಕೂತಿದ್ದ ಗಂಡ ದ್ಯಾವಯ್ಯನಿಗೆ ಮುದ್ದೆ ಗಂಟಲಲ್ಲೇ ನಿಂತಿತು. ಆಕೆ ಓದಿದ್ದು ಎರಡನೇ ಕ್ಲಾಸು. ಅದೂ ಪೂರ್ತಿಯಲ್ಲ. ನಡುವೆ ಮನೆಯ ಎಮ್ಮೆ ಕರು ಹಾಕಿ, ಎಮ್ಮೆಯನ್ನು ನೋಡಿಕೊಳ್ಳುವವರು ಬೇಕಾಗಿ, ಸರಸ್ವತಿ ಅಲ್ಲಿಗೇ ಕೈಮುಗಿದು ಹೊರಟುಹೋಗಿದ್ದಳು.

"ನಿಂಗೆ ಇಂಗ್ಲಿಷ್ ಬತ್ತದಾ ಅವ್ವ?" ಎಂದ ಮಗ ಕೀರ್ತಿರಾಜ.

"ಬರಬೇಕಾದ್ದು ಮಕ್ಕಳಿಗೆ ಕಣ್ಲಾ, ನಂಗಲ್ಲ. ಕೂರ್ಸೋದು ನನ್ ಕೆಲ್ಸ, ಕಲ್ಸೋದು ಆ ಪೆಟ್ಗೆ ಕೆಲ್ಸ."

ಈ ಜಂಬದ ಹಿಂದೆ ಒಂದು ದಿಗಿಲು ಅಡಗಿತ್ತು. ಕೀರ್ತಿರಾಜ ಹಾಸನದ ಒಂದು ಕಚೇರಿಯಲ್ಲಿ ಗುಮಾಸ್ತ, ಅವನ ಹೆಂಡತಿ ಪ್ರೇಮಕುಮಾರಿ ಅಲ್ಲೇ ನರ್ಸು. ಅವರ ಮಕ್ಕಳು ಶೋಭಿತಾ, ಮಿಲಿಂದ ಪ್ರತಿ ಬೇಸಿಗೆ ರಜಕ್ಕೂ ಕೊಣನೂರಿನ ಅಜ್ಜಿ ಮನೆಗೆ ಬರುತ್ತಿದ್ದರು. ಪಾರ್ವತಮ್ಮನಿಗೆ ವರ್ಷವೆಂದರೆ ಆ ಎರಡು ತಿಂಗಳೇ. ಮಿಕ್ಕ ಹತ್ತು ತಿಂಗಳು ಅದಕ್ಕೆ ಕಾಯುವ ಕೆಲಸ. ಎರಡು ಸಾವಿರದ ಐದನೇ ಇಸವಿಯ ಆ ಬೇಸಿಗೆಯಲ್ಲಿ ಮಗ ತಕರಾರು ತೆಗೆದಿದ್ದ. ಮಕ್ಕಳಿಗೆ ಇಂಗ್ಲಿಷಿನಲ್ಲಿ ಬಾಯಿಯೇ ಬಿಡಲು ಬರುವುದಿಲ್ಲ, ಹಾಸನದಲ್ಲೇ ಕೋಚಿಂಗಿಗೆ ಹಾಕುತ್ತೇನೆ ಎಂದು. ಅಜ್ಜಿ ಅತ್ತರು, ಮಕ್ಕಳು ಅತ್ತರು. ಕೊನೆಗೆ ಅವನು ಒಂದು ಹಳೇ ಕಂಪ್ಯೂಟರನ್ನು ತಂದು ಕೊಣನೂರಿನ ಮನೆಯ ಟೆಲಿಫೋನ್ ತಂತಿಗೆ ಕಟ್ಟಿದ. ದಿನಾ ಬೆಳಿಗ್ಗೆ ಹತ್ತಕ್ಕೆ ದೆಹಲಿ ಕಡೆಯ ಮಿಸ್ಸೊಬ್ಬರು ಅದರೊಳಗಿಂದ ಮಾತಾಡುತ್ತಾರೆ, ಮಕ್ಕಳು ಉತ್ತರ ಹೇಳಬೇಕು.

"ಒಂದು ಕ್ಲಾಸ್ ತಪ್ಪಿದ್ರೂ ಮಾರನೇ ದಿನಾನೇ ಮಕ್ಕಳು ಹಾಸನಕ್ಕೆ. ಆಮೇಲೆ ಅಳಂಗಿಲ್ಲ," ಎಂದು ಅವ್ವನಿಗೆ ಬೆರಳು ತೋರಿಸಿ ಹೋಗಿದ್ದ.

ಪಾರ್ವತಮ್ಮ ಒಂದು ಕ್ಲಾಸನ್ನೂ ತಪ್ಪಿಸಲಿಲ್ಲ. ಮಕ್ಕಳನ್ನು ಎಳೆದು ತಂದು ಕೂರಿಸಿ, ಹಿಂದೆ ಹುಣಸೆಹಣ್ಣಿನ ಮೊರ ಇಟ್ಟುಕೊಂಡು ಬೀಜ ಬಿಡಿಸುತ್ತಾ ಕಿವಿಗೊಟ್ಟರು. ಶೋಭಿತಾ ಹೇಗೋ ಮಾತಾಡುತ್ತಿದ್ದಳು. ಮಿಲಿಂದನದು ಎರಡೇ ಮಾತು: "ಯೆಸ್ ಮಿಸ್, ನೋ ಮಿಸ್." ಆದರೆ ಹಿಂದೆ ಕೂತ ವಿದ್ಯಾರ್ಥಿನಿ ಮಾತ್ರ ಹುಣಸೆಹಣ್ಣಿನ ಜೊತೆಗೆ ಇಂಗ್ಲಿಷಿನ ಬೀಜವನ್ನೂ ಬಿಡಿಸುತ್ತಿದ್ದರು. ಗುಡ್ ಮಾರ್ನಿಂಗ್ ಬಂತು. ನೋ ಪ್ರಾಬ್ಲಂ ಬಂತು. ಹಸಿರು ಗುಡ್ಡದ ಚಿತ್ರ ತೋರಿಸಿ "ಹಿಲ್" ಎಂದಿದ್ದು, ರಸ್ತೆ ದಾಟುವ ಮಗುವಿನ ಚಿತ್ರಕ್ಕೆ "ಹೋಲ್ಡ್ ಮೈ ಹ್ಯಾಂಡ್" ಎಂದಿದ್ದು, ಎಲ್ಲವೂ ತಲೆಯಲ್ಲಿ ಕೂತವು.

ಒಂದೇ ತೊಡಕು. ಪಾರ್ವತಮ್ಮನ ನಾಲಿಗೆಯ ಮೇಲೆ 'ಹ' ಎಂಬ ಅಕ್ಷರ ಹುಟ್ಟಿದಾಗಿನಿಂದ ನಿಂತಿರಲಿಲ್ಲ. ಹಾಲು ಆಲಾಗಿ, ಹಸು ಅಸುವಾಗಿ, ಹಾಸನವೇ ಆಸನವಾಗಿ ಬದುಕು ಸುಖವಾಗಿ ಸಾಗಿತ್ತು. ಅದರಿಂದ ಈವರೆಗೆ ಯಾರ ಪ್ರಾಣವೂ ಹೋಗಿರಲಿಲ್ಲ.

ಅವತ್ತು ಬೆಳಗಿನ ಜಾವವೇ ದ್ಯಾವಯ್ಯ ಮಕ್ಕಳನ್ನು ಊರಾಚೆಯ ಬೆಟ್ಟಕ್ಕೆ ಕರೆದುಕೊಂಡು ಹೊರಟ. ಬೆಟ್ಟದ ಮೇಲಿನ ಗುಡಿಗೆ ಕೈಮುಗಿದು, ಕವಳೆಹಣ್ಣು ಕಿತ್ತುಕೊಂಡು, ಕ್ಲಾಸಿನ ಹೊತ್ತಿಗೆ ಇಳಿದುಬಿಡುವುದೆಂದು ಮಾತಾಗಿತ್ತು. ಗಡಿಯಾರ ಹತ್ತರ ಹತ್ತಿರ ಬಂತು. ತಾತನೂ ಇಲ್ಲ, ಮಕ್ಕಳೂ ಇಲ್ಲ. ಪಾರ್ವತಮ್ಮ ಬೀದಿಗೂ ಒಳಗೂ ತಿರುಗಿದರು. ಕ್ಲಾಸು ತಪ್ಪಿದರೆ ನಾಳೆ ಮನೆ ಬಿಕೋ ಅನ್ನುತ್ತದೆ. ಮಿಸ್ಸು ಕರೆದಾಗ ಯಾರಾದರೂ ಒಬ್ಬರು "ಓ" ಅಂದರೆ ಹಾಜರಿಯಾದರೂ ಬಿದ್ದೀತು ಎಂದು ಸೆರಗು ಬಿಗಿದು ಕಂಪ್ಯೂಟರಿನ ಮುಂದೆ ಕೂತರು. ಹಚ್ಚುವುದನ್ನು ಶೋಭಿತಾ ಎಂದೋ ಹೇಳಿಕೊಟ್ಟಿದ್ದಳು. ಆರಿಸುವುದನ್ನು ಹೇಳಿಕೊಟ್ಟಿರಲಿಲ್ಲ. ಪೆಟ್ಟಿಗೆ ಕೀ ಕೀ ಎಂದು ಕಿರುಚಿ ಸುಮ್ಮನಾಯಿತು. ಪಾರ್ವತಮ್ಮ ಹೆಡ್‌ಫೋನನ್ನು ತುರುಬಿನ ಮೇಲೆ ಕಿರೀಟದಂತೆ ಧರಿಸಿದರು.

"ಗುಡ್ ಮಾರ್ನಿಂಗ್, ಶೋಭಿತಾ," ಎಂದರು ಮಿಸ್ಸು.

"ಗುಡ್ ಮಾರ್ನಿಂಗ್ ಮಿಸ್. ನೋ ಶೋಬಿತಾ. ಅಜ್ಜಿ. ಗ್ರ್ಯಾಂಡ್‌ಮದರ್."

"ಓ, ಗ್ರ್ಯಾಂಡ್‌ಮದರ್! ವೇರ್ ಆರ್ ದ ಚಿಲ್ಡ್ರನ್?"

ಮಕ್ಕಳೆಲ್ಲಿ ಎಂಬ ಪ್ರಶ್ನೆ ಅರ್ಥವಾಯಿತು. ಉತ್ತರವೂ ಬಾಯಲ್ಲೇ ಇತ್ತು. ಹಸಿರು ಗುಡ್ಡದ ಚಿತ್ರವನ್ನು ನೆನೆದು ಪಾರ್ವತಮ್ಮ ಗತ್ತಿನಿಂದ ಹೇಳಿದರು, "ಗ್ರ್ಯಾಂಡ್‌ಪಾದರ್ ಇಲ್."

"ಇಲ್? ಗ್ರ್ಯಾಂಡ್‌ಫಾದರ್ ಈಸ್ ಇಲ್?"

"ಎಸ್ ಎಸ್. ಇಲ್. ಬಿಗ್ ಇಲ್."

ಮಿಸ್ಸಿನ ದನಿ ಮೆತ್ತಗಾಯಿತು. "ಅಂಡ್ ದ ಚಿಲ್ಡ್ರನ್?"

ಬಂಡೆಯ ಮೇಲೆ ಜಾರದಂತೆ ಮಕ್ಕಳು ತಾತನ ಕೈ ಹಿಡಿದುಕೊಂಡೇ ಹತ್ತುತ್ತಾರೆ. ಅದನ್ನೂ ಹೇಳಿದರು. "ಚಿಲ್ಡ್ರನ್ ಓಲ್ಡ್ ಅಂಡ್. ಗ್ರ್ಯಾಂಡ್‌ಪಾದರ್ ಸ್ಲೋ ಸ್ಲೋ. ಗೋ ಅಪ್." ಮಿಸ್ಸಿಗೆ ಕಾಣದಿದ್ದರೂ ಬೆರಳನ್ನು ಮೇಲಕ್ಕೆ ಎತ್ತಿ ತೋರಿಸಿದರು. ಬೆಟ್ಟದ ಮೇಲಿನ ಗುಡಿಗೆ ಏನನ್ನುತ್ತಾರೋ ತಿಳಿಯದೆ, ಇದ್ದ ಮಾತುಗಳಲ್ಲೇ ಒಂದನ್ನು ಕಟ್ಟಿದರು. "ಗಾಡ್ ಔಸ್."

ಆ ಕಡೆಯಿಂದ ಸಣ್ಣಗೆ ಮೂಗು ಎಳೆದ ಸದ್ದು. "ಐ ಆಮ್ ಸೋ ಸಾರಿ."

"ನೋ ಪ್ರಾಬ್ಲಂ ಮಿಸ್," ಎಂದು ಪಾರ್ವತಮ್ಮ ನಕ್ಕರು. ಇಷ್ಟು ಹೊತ್ತಾದರೂ ಬಾರದವರು ಇನ್ನು ಬರುವುದು ಸಂಜೆಗೇ, ಬಂದವರಿಗೆ ಹಸಿವಾಗಿರುತ್ತದೆ. "ಈವ್ನಿಂಗ್ ಆಲ್ ಕಂ. ಈಟ್."

ಮಿಸ್ಸು ಅಂದಿನ ಪಾಠವನ್ನು ಅಲ್ಲಿಗೇ ಮುಗಿಸಿದರು. ಪಾರ್ವತಮ್ಮ ಕಿರೀಟ ಇಳಿಸಿ, ಗೆದ್ದ ಹುಮ್ಮಸ್ಸಿನಲ್ಲಿ ಹುಣಸೆಹಣ್ಣಿಗೆ ಕೂತರು. ಕಂಪ್ಯೂಟರು ಉರಿಯುತ್ತಲೇ ಇತ್ತು.

ಹಾಸನದಲ್ಲಿ ಕೀರ್ತಿರಾಜನ ಮೊಬೈಲು ಹೊಡೆದುಕೊಂಡಿತು. ಅಪ್ಪ ತೀರಿಕೊಂಡರೆಂದು ಮಿಸ್ಸು ಹೇಳಿದ್ದೇ ತಡ, ಅವನು ಊರಿನ ಮನೆಗೆ ಫೋನ್ ಮಾಡಿದ, ಎಂಗೇಜು. ಮತ್ತೆ ಮಾಡಿದ, ಎಂಗೇಜು. ತಂತಿಯನ್ನು ಕಂಪ್ಯೂಟರು ಕಚ್ಚಿಕೊಂಡಿದೆ ಎಂಬುದು ಅವನಿಗೆ ಹೊಳೆಯಲಿಲ್ಲ. ಸಾವಿನ ಮನೆಗಲ್ಲದೆ ಇನ್ಯಾರ ಮನೆಗೆ ಜನ ಹೀಗೆ ಒಬ್ಬರ ಮೇಲೊಬ್ಬರು ಫೋನ್ ಮಾಡುತ್ತಾರೆ? ಅವನು ಅಳುತ್ತಲೇ ಅರಕಲಗೂಡಿನ ಚಿಕ್ಕವ್ವ ಮಾರಮ್ಮನಿಗೂ, ಚನ್ನರಾಯಪಟ್ಟಣದ ಚಿಕ್ಕಪ್ಪ ಬೋರಪ್ಪನಿಗೂ ಸುದ್ದಿ ಮುಟ್ಟಿಸಿದ.

ಮೊದಲು ಬಂದವಳು ಮಾರಮ್ಮ, ಪಾರ್ವತಮ್ಮನ ತಂಗಿ. ಆಟೋದಿಂದ ಇಳಿಯುವಾಗಲೇ ಸೆರಗು ಬಾಯಿಗೆ ಹೋಗಿತ್ತು.

"ಅಕ್ಕಾ, ಬಾವ ಓಗ್ಬುಟ್ರಾ?"

"ಊಂ ಕಣೆ, ಬೆಳಗಾನೆ ಓದ್ರು. ನಿಂಗ್ಯಾರ್ ಏಳುದ್ರು?"

"ಕೀರ್ತಿ ಏಳ್ದ. ಓಗೋ ಮುಂಚೆ ಏನಾರ ಅಂದ್ರಾ ಅಕ್ಕ?"

"ಏನಂತಾರೆ? ಕಾಪಿಗೆ ಸಕ್ರೆ ಸಾಲ್ದು ಅಂದ್ರು."

ಮಾರಮ್ಮನ ಅಳು ಒಮ್ಮೆಲೇ ಮೇಲೇರಿತು. "ಕಡೇ ಕಾಪಿಗೂ ಸಕ್ರೆ ಆಕ್ದೆ ಕಳಿಸ್ಬುಟ್ಯಲ್ಲ ಅಕ್ಕಾ..."

ಪಾರ್ವತಮ್ಮನಿಗೆ ತಂಗಿಯ ಮೇಲೆ ಕನಿಕರ ಹುಟ್ಟಿತು. ಪಾಪ, ಗಂಡನ ಜೊತೆ ಜಗಳವಾಡಿಕೊಂಡು ಬಂದಿದ್ದಾಳೆ, ಬಾಯಿಬಿಟ್ಟು ಹೇಳಲಾರದೆ ಕಾಫಿಯ ನೆವ ತೆಗೆದು ಅಳುತ್ತಿದ್ದಾಳೆ. ಬೆನ್ನು ಸವರಿ ಸಮಾಧಾನ ಮಾಡಿದರು. "ಸುಮ್ಕಿರೆ. ಗಂಡಸ್ರು ಓಯ್ತಾರೆ, ಬತ್ತಾರೆ. ಅದ್ಕೆಲ್ಲ ಅಳ್ತಾ ಕೂತ್ರೆ ಆದದಾ? ಬಾ, ಉಣಸೆಣ್ಣು ಬಿಡ್ಸು."

ಮಾರಮ್ಮ ಅಳು ನಿಲ್ಲಿಸಿ, ಅಕ್ಕನಿಂದ ಸ್ವಲ್ಪ ದೂರ ಸರಿದು ಕೂತಳು.

ಅಷ್ಟರಲ್ಲಿ ಹಾಸನದಿಂದ ಮಗ ಸೊಸೆ ಬಂದರು. ಪ್ರೇಮಕುಮಾರಿಯ ಕಿವಿಯಲ್ಲಿ ಮಾರಮ್ಮ ಪಿಸುಗುಟ್ಟಿದಳು, "ನಿಮ್ಮತ್ತೆಗೆ ತಲೆ ನಿಂತಿಲ್ಲ ಕಣವ್ವ. ಒಂದ್ ಅನಿ ಕಣ್ಣೀರಿಲ್ಲ." ಪ್ರೇಮಕುಮಾರಿ ನರ್ಸು. ಮಾತಾಡದೆ ಚೀಲದಿಂದ ಬಿ.ಪಿ. ಪಟ್ಟಿ ತೆಗೆದು ಅತ್ತೆಯ ತೋಳಿಗೆ ಸುತ್ತಿ ಗಾಳಿ ಹೊಡೆದಳು. ಎಲ್ಲ ಸರಿಯಾಗಿತ್ತು. ಅದನ್ನು ಕಂಡು ಅವಳಿಗೆ ಇನ್ನೂ ಗಾಬರಿಯಾಯಿತು.

"ಅತ್ತೆ, ಮನಸಲ್ಲಿ ಇಟ್ಕೋಬೇಡಿ. ಒಂದ್ಸಲ ಅತ್ತುಬಿಡಿ."

"ಯಾಕವ್ವ ಅಳ್ಲಿ? ಈ ಸಲ ಉಣಸೆ ಚಂದಾಗಿ ಬಂದದೆ."

"ಅವ್ವ," ಎಂದು ಕೀರ್ತಿರಾಜ ಕಾಲ ಬುಡದಲ್ಲಿ ಕುಸಿದ. "ಅಪ್ಪ ಎಲ್ಲವ್ವ?"

ಪಾರ್ವತಮ್ಮ ಬಾಯಿ ತೆರೆಯುವ ಮೊದಲೇ ಹೊರಗೆ ಟೆಂಪೋ ನಿಂತಿತು. ದ್ಯಾವಯ್ಯನ ತಮ್ಮ ಬೋರಪ್ಪ, ಆಳುದ್ದದ ಚೆಂಡುಹೂವಿನ ಹಾರವನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು, ತಲೆ ತಗ್ಗಿಸಿಕೊಂಡು ಬಾಗಿಲಿಗೆ ಬಂದ. ಅವನ ಬೆನ್ನ ಹಿಂದಿನಿಂದ ಯಾರೋ ಮೆಲ್ಲಗೆ ಕೇಳಿದರು, "ಯಾರ್ಲಾ ಬೋರ, ಓದೋರು?"

"ನಮ್ಮಣ್ಣ ಕಣಣ್ಣ," ಎಂದ ಬೋರಪ್ಪ, ತಿರುಗದೆ.

ಆಮೇಲೆ ತಿರುಗಿದ. ಹೆಗಲ ಮೇಲೆ ಟವೆಲು, ಮೂಗಿನ ಮೇಲೆ ಒಂದು ಗಾಜು ಒಡೆದ ಕನ್ನಡಕ, ಎರಡೂ ಕೈಯಲ್ಲಿ ಒಂದೊಂದು ಮೊಮ್ಮಗು. ದ್ಯಾವಯ್ಯ ನಿಂತಿದ್ದ. ಬೋರಪ್ಪನಿಗೆ ಏನು ಮಾಡಬೇಕೋ ತೋಚಲಿಲ್ಲ. ಹಾರ ಕೈಯಲ್ಲಿತ್ತು, ಅಣ್ಣ ಎದುರಿಗಿದ್ದ. ಹಾಕಿಬಿಟ್ಟ.

"ಬೆಟ್ಟ ಅತ್ತಿ ಇಳಿದಿದ್ಕೆ ಇಷ್ಟ್ ಸನ್ಮಾನ ಯಾಕ್ಲಾ?" ಎಂದು ದ್ಯಾವಯ್ಯ ನಾಚಿದ.

ವಿಚಾರಣೆ ನಡುಮನೆಯಲ್ಲಿ ನಡೆಯಿತು. "ಮಿಸ್ಸಿಗೆ ಏನಂದೆ ಅವ್ವ?" ಎಂದು ಕೀರ್ತಿರಾಜ ಹಲ್ಲು ಕಚ್ಚಿ ಕೇಳಿದ.

"ಇದ್ದುದ್ನೇ ಅಂದೆ ಕಣ್ಲಾ. ಗ್ರ್ಯಾಂಡ್‌ಪಾದರ್ ಇಲ್. ಬೆಟ್ಟ ಅಂದ್ರೆ ಇಲ್ ತಾನೆ?"

"ಹಿಲ್ ಅಜ್ಜಿ, ಹಿಲ್," ಎಂದಳು ಶೋಭಿತಾ. "ಹಿಲ್ ಅಂದ್ರೆ ಬೆಟ್ಟ. ಇಲ್ ಅಂದ್ರೆ ಕಾಯಿಲೆ."

"ನಾನೂ ಅದ್ನೇ ಅಲ್ವೇನೆ ಅಂದಿದ್ದು? ಇಲ್."

ಪ್ರೇಮಕುಮಾರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿದಳು. ಕೀರ್ತಿರಾಜ ನಗಲಿಲ್ಲ. ದಾರಿಯುದ್ದಕ್ಕೂ ಅತ್ತಿದ್ದ ಕಣ್ಣು ಇನ್ನೂ ಕೆಂಪಗಿದ್ದವು. "ಮಕ್ಕಳ ಬಟ್ಟೆ ಕಟ್ಟು ಅವ್ವ. ನಾಳೆ ಮೊದಲನೇ ಬಸ್ಸಿಗೆ ಹಾಸನ."

ಅಷ್ಟು ಹೊತ್ತೂ ನಿಲ್ಲದೆ ಆಡುತ್ತಿದ್ದ ಪಾರ್ವತಮ್ಮನ ಬೆರಳು ಹುಣಸೆಹಣ್ಣಿನ ಮೇಲೆ ಹಾಗೇ ನಿಂತವು. ತಪ್ಪು ತನ್ನದೇ ಆದಾಗ ವಾದಕ್ಕೆ ಎಲ್ಲಿಂದ ಮಾತು ತರುವುದು?

ಮಿಸ್ಸಿಗಂತೂ ನಿಜ ತಿಳಿಸಲೇಬೇಕಿತ್ತು. ಕಂಪ್ಯೂಟರು ಆರದೆ ಉರಿಯುತ್ತಿತ್ತು, ಆ ಕಡೆ ಮಿಸ್ಸೂ ಇನ್ನೂ ಕೂತಿದ್ದರು. ಯಾರು ಹೇಳುವುದೆಂದು ದೊಡ್ಡವರು ಮುಖ ಮುಖ ನೋಡಿಕೊಳ್ಳುವಷ್ಟರಲ್ಲಿ ಮಿಲಿಂದ ಹೆಡ್‌ಫೋನ್ ಎಳೆದುಕೊಂಡುಬಿಟ್ಟ.

"ಮಿಸ್, ನೋ ಇಲ್! ಹಿಲ್, ಮಿಸ್! ತಾತ ಗೋ ಹಿಲ್. ಒನ್ ಬಿಗ್ ಮಂಕಿ ಕಮ್. ತಾತಾಸ್ ಸ್ಪೆಕ್ಟಕಲ್ಸ್ ಟೇಕ್, ಟ್ರೀ ಗೋ. ತಾತ ಸೇ ಗಿವ್. ಮಂಕಿ ಸೇ ನೋ ಗಿವ್..."

ಕೋತಿ ಕನ್ನಡಕ ಹಾಕಿಕೊಂಡಿದ್ದು, ಅದು ಕೆಳಗೆ ಎಸೆಯಲಿ ಎಂದು ಮಧ್ಯಾಹ್ನದವರೆಗೂ ಕಾದಿದ್ದು, ಮನೆಗೆ ಬಂದರೆ ತಾತನ ಕೊರಳಿಗೆ ಹಾರ ಬಿದ್ದಿದ್ದು, ಒಂದನ್ನೂ ಬಿಡದೆ ಇಂಗ್ಲಿಷಿನಲ್ಲಿ ಒದರಿದ. ತಪ್ಪಿಗೆ ಲೆಕ್ಕವಿಲ್ಲ, ಮಾತಿಗೆ ತಡೆಯಿಲ್ಲ. ಯೆಸ್ ಮಿಸ್ ನೋ ಮಿಸ್ಸಿನ ಹುಡುಗ ಇವನೇನಾ ಎಂದು ಕೀರ್ತಿರಾಜ ಬಾಯಿ ತೆರೆದು ನಿಂತ. ಕೊನೆಗೆ ಮಿಸ್ಸು ನಕ್ಕು ನಕ್ಕು ಸುಸ್ತಾಗಿ, ಕೀರ್ತಿರಾಜನನ್ನೇ ಕರೆದು ಇಂಗ್ಲಿಷಿನಲ್ಲಿ ಹೇಳಿದರಂತೆ: ಇಷ್ಟು ದಿನ ನಾನು ಕೇಳಿ ಕೇಳಿ ಸೋತೆ, ಇವತ್ತು ನಿಮ್ಮ ಹುಡುಗ ನನಗೇ ಮಾತಾಡಲು ಬಿಡಲಿಲ್ಲ. ಆ ಊರಿನಲ್ಲಿ ಹೇಳಿಕೊಳ್ಳಲು ಅವನಿಗೆ ಏನೋ ಸಿಗುತ್ತಿದೆ. ಅಲ್ಲೇ ಇರಲಿ ಬಿಡಿ.

ಕೀರ್ತಿರಾಜ ಮಗನನ್ನು ನೋಡಿದ, ನಿಂತುಹೋದ ಅವ್ವನ ಬೆರಳುಗಳನ್ನು ನೋಡಿದ. "ಇರ್ಲಿ, ರಜಾ ಮುಗಿಯೋಗಂಟ ಇಲ್ಲೇ ಇರ್ಲಿ. ಆದ್ರೆ ಅವ್ವ, ನೀನ್ ಮಾತ್ರ ಇದುನ್ನ ಮುಟ್ಟಂಗಿಲ್ಲ."

"ಅದ್ರ ತಂಟೆಗೇ ಓಗಾಕಿಲ್ಲ ಕಣಪ್ಪ," ಎಂದು ಪಾರ್ವತಮ್ಮ ಕೈಮುಗಿದರು.

ಆದರೆ ಮಿಸ್ಸು ಅಜ್ಜಿಯ ಜೊತೆ ಒಂದೇ ಒಂದು ಮಾತು ಆಡಬೇಕೆಂದು ಹಟ ಹಿಡಿದರು. ಶೋಭಿತಾ ಹೆಡ್‌ಫೋನ್ ಇಡುತ್ತಾ ಪಿಸುಗುಟ್ಟಿದಳು, "ಅಜ್ಜಿ, ಹ ಮರೀಬೇಡ."

"ಇನ್ ಈ ಜನ್ಮದಾಗೆ ಮರೆಯಾಕಿಲ್ಲ ಬುಡು."

"ಅಜ್ಜಿ, ಹೌ ಈಸ್ ಗ್ರ್ಯಾಂಡ್‌ಫಾದರ್ ನೌ?"

ಪಾರ್ವತಮ್ಮ ಹೊರಗೆ ಇಣುಕಿದರು. ಗಂಡ ಜಗಲಿಯ ಮೇಲೆ ಹಾರ ಹಾಕಿಕೊಂಡೇ ರೊಟ್ಟಿ ತಿನ್ನುತ್ತಿದ್ದ. ತಿನ್ನುವುದಕ್ಕೆ ಈಟಿಂಗ್ ಎನ್ನುತ್ತಾರೆಂದು ಗೊತ್ತಿತ್ತು. ಆದರೆ ಈ ಸಲ ಮೋಸ ಹೋಗಬಾರದು. ಎದೆಯಾಳದಿಂದ ಉಸಿರೆಳೆದು, ಹುಟ್ಟಿದಾಗಿನಿಂದ ಬಾಕಿ ಉಳಿದಿದ್ದ 'ಹ'ವನ್ನೆಲ್ಲ ಒಂದೇ ಕಡೆ ಸುರಿದರು.

"ಗ್ರ್ಯಾಂಡ್‌ಪಾದರ್ ಹೀಟಿಂಗ್!"

"ಹೀಟಿಂಗ್? ಫೀವರ್? ಹೈ ಫೀವರ್?"

"ಎಸ್ ಎಸ್. ಹೀಟಿಂಗ್, ಹೀಟಿಂಗ್. ನೋ ಸ್ಟಾಪ್."

ಕೀರ್ತಿರಾಜ ಹಾರಿ ಬಂದು ಗೋಡೆಯಿಂದ ತಂತಿಯನ್ನೇ ಕಿತ್ತ. ಹೊರಗೆ ಜಗಲಿಯ ಮೇಲೆ ಅಣ್ಣನ ಕೊರಳಿನಿಂದ ಹಾರ ಬಿಚ್ಚುತ್ತಿದ್ದ ಬೋರಪ್ಪ, ಅರ್ಧಕ್ಕೇ ಕೈ ನಿಲ್ಲಿಸಿ ಕೂಗಿ ಕೇಳಿದ.

"ಲೋ ಕೀರ್ತಿ, ಆರ ಬಿಚ್ಲಾ, ಇಲ್ಲ ಇರ್ಲಾ?"